ಜಿಮ್‌ಗೆ ಹೋದರೆ ಮಗ ಕುಳ್ಳಗೇ ಉಳಿದುಬಿಡ್ತಾನಾ?

ಪ್ರಶ್ನೆ: ನನ್ನ ಮಗನಿಗೆ 13 ವರ್ಷ. ಗೆಳೆಯರೆಲ್ಲ ಸೇರಿದ್ದಾರೆ, ನಾನೂ ಜಿಮ್‌ಗೆ ಹೋಗಬೇಕು ಅಂತ ದಿನಾ ಹಟ ಮಾಡುತ್ತಾನೆ. "ಈ ವಯಸ್ಸಿಗೇ ಭಾರ ಎತ್ತಿದರೆ ಹುಡುಗ ಬೆಳೆಯೋದೇ ಇಲ್ಲ" ಅಂತಾರೆ ನಮ್ಮ ಅತ್ತೆ. ಕಳಿಸಲಾ, ಬೇಡವಾ?

ಉತ್ತರ: ಸರಿಯಾಗಿ ಹೇಳಿಕೊಡುವವರು ಇದ್ದರೆ ಕಳಿಸಿ. ಎತ್ತರಕ್ಕೆ ಏನೂ ಆಗುವುದಿಲ್ಲ.

ಹಾಗಂತ ನಿಮ್ಮ ಅತ್ತೆಯವರ ಭಯ ಸುಮ್ನೆ ಹುಟ್ಟಿದ್ದಲ್ಲ. ಮಕ್ಕಳ ಕೈಕಾಲಿನ ಉದ್ದ ಮೂಳೆಗಳ ತುದಿಯ ಹತ್ತಿರ ಒಂದು ಮೆತ್ತನೆಯ ಪದರ ಇರುತ್ತದೆ. ಡಾಕ್ಟರುಗಳು ಅದಕ್ಕೆ ಗ್ರೋತ್ ಪ್ಲೇಟ್ ಅನ್ನುತ್ತಾರೆ. ಮೂಳೆ ಉದ್ದವಾಗುವುದು ಅಲ್ಲಿಂದಲೇ. ಹೆಚ್ಚುಕಡಿಮೆ ಹುಡುಗಿಯರಲ್ಲಿ 13ರಿಂದ 15, ಹುಡುಗರಲ್ಲಿ 15ರಿಂದ 17 ವರ್ಷದ ಹೊತ್ತಿಗೆ ಅದು ಗಟ್ಟಿಯಾಗಿ ಮೂಳೆಯಲ್ಲೇ ಬೆರೆತುಹೋಗುತ್ತದೆ. ಅದಕ್ಕೂ ಮೊದಲು ಅಲ್ಲಿಗೆ ಜೋರು ಪೆಟ್ಟು ಬಿದ್ದರೆ ಆ ಮೂಳೆಯ ಬೆಳವಣಿಗೆ ಏರುಪೇರಾಗಬಹುದು. ಆದರೆ ಅಂಥ ಪೆಟ್ಟು ಸೈಕಲ್‌ನಿಂದ ಬಿದ್ದರೂ ಆಗುತ್ತದೆ, ಕಬಡ್ಡಿಯಲ್ಲೂ ಆಗುತ್ತದೆ. ಹಗುರ ಭಾರದಿಂದ ಶುರು ಮಾಡಿ, ಪಕ್ಕದಲ್ಲಿ ತಿಳಿದವರೊಬ್ಬರು ನಿಂತು ಮಾಡಿಸಿದರೆ ಎತ್ತರ ಕುಂಠಿತವಾಗುವುದಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ 2020ರ ವರದಿಯೂ ಇದನ್ನೇ ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯಂತೂ 5ರಿಂದ 17 ವರ್ಷದವರು ವಾರಕ್ಕೆ ಕನಿಷ್ಠ 3 ದಿನ ಮೂಳೆ, ಮಾಂಸಖಂಡ ಗಟ್ಟಿ ಮಾಡುವ ಚಟುವಟಿಕೆ ಮಾಡಬೇಕು ಅಂತ ಅದೇ ವರ್ಷ ಹೇಳಿದೆ.

"ಮತ್ತೆ ಟಿವಿಯಲ್ಲಿ ಬರುವ ವೇಟ್‌ಲಿಫ್ಟರುಗಳು ಯಾಕೆ ಅಷ್ಟು ಗಿಡ್ಡ?" ಅಂತ ಅತ್ತೆ ಕೇಳಬಹುದು. ಗಿಡ್ಡ ಇದ್ದವರಿಗೆ ಭಾರವನ್ನು ತಲೆಯ ಮೇಲಕ್ಕೆ ಒಯ್ಯುವ ದೂರ ಕಡಿಮೆ, ಅದಕ್ಕೇ ಆ ಆಟ ಅವರಿಗೆ ಒಗ್ಗುತ್ತದೆ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಉದ್ದ ಇದ್ದವರೇ ಉಳಿದುಕೊಳ್ಳುತ್ತಾರಲ್ವಾ, ಇದೂ ಹಾಗೆಯೇ.

ಮಗನಿಗೆ ಮಾತ್ರ ಒಂದು ವಿಷಯ ಮೊದಲೇ ಹೇಳಿಬಿಡಿ: ತೋಳು ಈಗಲೇ ಉಬ್ಬುವುದಿಲ್ಲ. ಪ್ರಾಯಕ್ಕೆ ಬರುವ ಮೊದಲು ಶಕ್ತಿ ಹೆಚ್ಚುವುದು ಮುಖ್ಯವಾಗಿ ನರಗಳಿಂದ. ಇರುವ ಮಾಂಸಖಂಡವನ್ನೇ ಚೆನ್ನಾಗಿ ಬಳಸುವುದನ್ನು ಮೈ ಕಲಿಯುತ್ತದೆ. ಕನ್ನಡಿ ಮುಂದೆ ನಿಂತು ತಿಂಗಳಿಗೇ ಬೇಜಾರಾಗಿ ಬಿಡುವ ಹುಡುಗರು ಜಾಸ್ತಿ.

ಶುರು ಮಾಡಲು ಜಿಮ್ಮೂ ಬೇಕಿಲ್ಲ. ನಮ್ಮ ಕಾಲಕ್ಕೆ ಬಸ್ಕಿ ಅಂದರೆ ಹೋಂವರ್ಕ್ ಮಾಡದ್ದಕ್ಕೆ ಮೇಷ್ಟ್ರು ಕೊಡುತ್ತಿದ್ದ ಶಿಕ್ಷೆ. ಇಲ್ಲಿ ಅದೇ ಮೊದಲ ಪಾಠ. ಹಿಂದೆ ಒಂದು ಪ್ಲಾಸ್ಟಿಕ್ ಕುರ್ಚಿ ಇಡಿ. ಪಾದಗಳ ನಡುವೆ ಭುಜದಷ್ಟು ಅಂತರ ಇರಲಿ. ನಿಧಾನಕ್ಕೆ ಕೂರಲಿ, ಕುರ್ಚಿ ತಾಗಿದ ಕೂಡಲೇ ಏಳಲಿ. ಹಿಮ್ಮಡಿ ನೆಲ ಬಿಡಬಾರದು. ಏಳುವಾಗ ಮಂಡಿಗಳು ಒಳಕ್ಕೆ ವಾಲುತ್ತವೆ, ಅಲ್ಲೇ ಎಲ್ಲರೂ ತಪ್ಪುವುದು. ಮಂಡಿ ಕಾಲ್ಬೆರಳಿನ ದಿಕ್ಕಿಗೇ ಇರಬೇಕು. ಎದುರಿನಿಂದ ಒಂದು, ಪಕ್ಕದಿಂದ ಒಂದು ವಿಡಿಯೋ ತೆಗೆದು ಅವನಿಗೇ ತೋರಿಸಿ, ನೀವು ಹೇಳುವುದೇ ಬೇಡ. 15 ಸಲ ಚೆನ್ನಾಗಿ ಬಂದ ಮೇಲೆ ಒಂದು ಲೀಟರಿನ ನೀರಿನ ಬಾಟಲಿಯನ್ನು ಎದೆಗೆ ಅಪ್ಪಿಕೊಂಡು ಮಾಡಲಿ. ದಂಡವನ್ನೂ (ಪುಷ್‌-ಅಪ್) ಹೀಗೇ ಕಲಿಸಿ: ಮೊದಲು ಗೋಡೆಗೆ ಕೈಯೂರಿ, ಆಮೇಲೆ ಮಂಚಕ್ಕೆ, ಕೊನೆಗೆ ನೆಲಕ್ಕೆ. 8ರಿಂದ 15 ಸಲ, ಒಂದೋ ಎರಡೋ ಸುತ್ತು, ವಾರಕ್ಕೆ 2-3 ದಿನ, ನಡುವೆ ಒಂದು ದಿನ ಬಿಡುವು. ಮುಂದೆ ಭಾರ ಹೆಚ್ಚಿಸುವಾಗಲೂ ಒಮ್ಮೆಗೆ ಶೇ 5-10ಕ್ಕಿಂತ ಜಾಸ್ತಿ ಬೇಡ.

ಮೊನ್ನೆ ಒಂದು ಜಿಮ್‌ನಲ್ಲಿ ನೋಡಿದೆ. ಮೂವರು ಹುಡುಗರು. ಒಬ್ಬ ನೆಲದಿಂದ ರಾಡ್ ಎತ್ತುತ್ತಿದ್ದಾನೆ, ಬೆನ್ನು ಬಿಲ್ಲಿನಂತೆ ಬಾಗಿದೆ. ಇನ್ನೊಬ್ಬ ರೀಲ್ಸ್ ತೆಗೆಯುತ್ತಿದ್ದಾನೆ. ಮೂರನೆಯವನು "ಇನ್ನೊಂದು ಪ್ಲೇಟ್ ಹಾಕ್ಲಾ?" ಅಂತಿದ್ದಾನೆ. ಟ್ರೇನರ್ ಕೌಂಟರಿನಲ್ಲಿ ಕೂತು ಫೋನ್ ನೋಡುತ್ತಿದ್ದಾನೆ. ನೀವು ಹೆದರಬೇಕಾದ್ದು ಇದಕ್ಕೆ. ಒಂದೇ ಸಲಕ್ಕೆ ಎಷ್ಟು ಎತ್ತಬಲ್ಲೆ ಅನ್ನುವ ಪಂದ್ಯ ಬೆಳೆಯುವ ಮಕ್ಕಳಿಗಲ್ಲ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಗುಂಡು, ಚೀಲ ಎತ್ತುತ್ತಾರಲ್ಲ, ಅದು ಬಲಿತ ಗಂಡಸರ ಆಟ. ಮನೆಯಲ್ಲಿ ಡಂಬೆಲ್ ತಂದಿಟ್ಟರೂ ಎಚ್ಚರ ಇರಲಿ. ಚಿಕ್ಕ ಮಕ್ಕಳಿಗೆ ಗಾಯವಾಗುವುದು ಹೆಚ್ಚಾಗಿ ಅದು ಕಾಲ ಮೇಲೆ ಬಿದ್ದು, ಇಲ್ಲವೇ ಬೆರಳು ಸಿಕ್ಕಿಕೊಂಡು.

ಇನ್ನು ಪ್ರೋಟೀನ್ ಪೌಡರ್ ಡಬ್ಬಿ. ರಾಗಿಮುದ್ದೆ, ಕಾಳುಸಾರು, ಮೊಟ್ಟೆ, ಹಾಲು ಹೊಟ್ಟೆತುಂಬ ಸಿಗುವ ಹುಡುಗನಿಗೆ ಅದರ ಅಗತ್ಯವೇ ಇಲ್ಲ. "ಬೇಗ ಬಾಡಿ ಬರುತ್ತೆ" ಅಂತ ಯಾರಾದರೂ ಮಾತ್ರೆ, ಇಂಜೆಕ್ಷನ್ ಸುದ್ದಿ ಎತ್ತಿದರೆ ಆ ಜಾಗವನ್ನೇ ಬಿಡಿಸಿ. ಅವುಗಳಲ್ಲಿ ಸ್ಟೀರಾಯ್ಡ್ ಇದ್ದರೆ ಅದು ಆ ಗ್ರೋತ್ ಪ್ಲೇಟನ್ನು ಬೇಗನೆ ಮುಚ್ಚಿಸಿಬಿಡಬಹುದು. ಎತ್ತರ ನಿಜಕ್ಕೂ ನಿಲ್ಲುವುದು ಹಾಗೆ.

ಹೃದಯದ ತೊಂದರೆ, ಬಿಪಿ, ಫಿಟ್ಸ್ ಇದ್ದರೆ ಡಾಕ್ಟರನ್ನು ಕೇಳದೆ ಶುರು ಮಾಡಬೇಡಿ. ಮಾರನೆಯ ದಿನ ಮೈಕೈ ನೋವು ಸಹಜ. ಮಂಡಿ, ಭುಜ, ಸೊಂಟದ ಕೀಲಲ್ಲಿ ಚುಚ್ಚುವ ನೋವು ಬಂದರೆ ನಿಲ್ಲಿಸಿ ತೋರಿಸಿ.

ಅಂದ ಹಾಗೆ, ಅವನ ಸ್ಕೂಲ್ ಬ್ಯಾಗನ್ನೂ ಒಮ್ಮೆ ತೂಗಿ ನೋಡಿ. ಕೇಂದ್ರದ 2020ರ ಶಾಲಾ ಬ್ಯಾಗ್ ನೀತಿಯ ಪ್ರಕಾರ ಅದು ಮಗುವಿನ ತೂಕದ ಶೇ 10 ಮೀರಬಾರದು. 40 ಕೆಜಿ ಇರುವ ಹುಡುಗನಿಗೆ 4 ಕೆಜಿ. ತೂಗುವಾಗ ಅತ್ತೆಯವರನ್ನೂ ಕರೆಯಿರಿ.