ಎಲುಬು ಟೊಳ್ಳಾದರೆ ನೋಯುವುದಿಲ್ಲ, ನೋಯುತ್ತಿದ್ದರೆ ಕಾರಣ ಹುಡುಕಿ

ಮೊದಲೇ ಹೇಳಿಬಿಡುತ್ತೇನೆ, ಆಸ್ಟಿಯೊಪೊರೋಸಿಸ್ ತಾನಾಗಿ ನೋಯುವ ಕಾಯಿಲೆ ಅಲ್ಲ. ಎಲುಬು ಒಳಗೊಳಗೇ ಟೊಳ್ಳಾಗುತ್ತ ಹೋಗುತ್ತದೆ, ವರ್ಷಗಟ್ಟಲೆ ಒಂದು ಸುಳಿವೂ ಸಿಗುವುದಿಲ್ಲ. ನೋವು ಶುರುವಾಗುವುದು ಎಲುಬು ಬಿರುಕು ಬಿಟ್ಟಾಗ, ಇಲ್ಲವೇ ಮುರಿದಾಗ. ಆದರೆ ಕಲಬುರಗಿ ಕಡೆ ವಯಸ್ಸಾದ ಹೆಣ್ಣುಮಕ್ಕಳು ಟೊಂಕ ಹಿಡಿದುಕೊಂಡು ಹೋದರೆ ಸಿಗುವ ಉತ್ತರ ಒಂದೇ: "ಎಲುಬು ಸವದಾವ ಬಿಡ್ರಿ, ವಯಸ್ಸಾತು." ಒಂದು ನೋವಿನ ಗುಳಿಗೆ, ಒಂದು ಕ್ಯಾಲ್ಸಿಯಂ ಡಬ್ಬಿ. ಮುಗೀತು. ಈ ಉತ್ತರದ ಮೇಲೆ ನನಗೆ ಸಿಟ್ಟಿದೆ.

ಸೇಡಂ ಕಡೆಯ ನಮ್ಮ ದೊಡ್ಡವ್ವನಿಗೆ ಹೀಗೇ ಆಯಿತು. ತೊಡೆಸಂದಿನಲ್ಲಿ ನೋವು. ಕೂತರೆ ಇಲ್ಲ, ಕಾಲೂರಿದರೆ ಜೀವ ಹೋದಂತೆ. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಎಣ್ಣೆ ಹಚ್ಚಿ ತಿಕ್ಕಿಸಿದ್ದಾಯಿತು, ತಾಯತ ಕಟ್ಟಿಸಿದ್ದಾಯಿತು. ಕೊನೆಗೆ ಎಂಆರ್‌ಐ ಮಾಡಿಸಿದಾಗ ತೊಡೆ ಎಲುಬಿನ ಕುತ್ತಿಗೆಯಲ್ಲಿ ಸಣ್ಣ ಬಿರುಕು ಸಿಕ್ಕಿತು. ಎಲುಬು ಜರುಗುವ ಮೊದಲೇ ಸ್ಕ್ರೂ ಹಾಕಿದರು, ದೊಡ್ಡವ್ವ ಮತ್ತೆ ನಡೆದಾಡಿದಳು. ಇಂಥ ಬಿರುಕು ಮೊದಲ ಎಕ್ಸ್‌ರೇಯಲ್ಲಿ ತಪ್ಪಿಹೋಗುವುದು ಹೊಸದೇನಲ್ಲ. ಕಾಲೂರಿದಾಗ ತೊಡೆಸಂದು ನೋಯುತ್ತಿದ್ದರೆ, ಎಕ್ಸ್‌ರೇ ಚೆನ್ನಾಗಿದೆ ಅಂದರೂ "ಎಂಆರ್‌ಐ ಬೇಕೇನ್ರಿ ಡಾಕ್ಟ್ರೇ?" ಎಂದು ಕೇಳಿ. ಅಲ್ಲಿಯವರೆಗೆ ತಿಕ್ಕಿಸುವುದು, ಎಳೆಸುವುದು ಬೇಡವೇ ಬೇಡ.

ಬೇರೆ ಕಾರಣಗಳೂ ಇರುತ್ತವೆ. ಕೀಲಿನ ಸವೆತ ಇರಬಹುದು, ಬೆನ್ನಿನ ನರ ಒತ್ತಿಕೊಂಡಿರಬಹುದು. ವಿಟಮಿನ್ ಡಿ ತೀರಾ ಕಡಿಮೆಯಾದರೆ ಎಲುಬು ಮೆತ್ತಗಾಗುತ್ತದೆ. ಇದಕ್ಕೆ ಆಸ್ಟಿಯೊಮಲೇಶಿಯಾ ಅಂತ ಹೆಸರು. ಇದು ಚೆನ್ನಾಗಿ ನೋಯುತ್ತದೆ, ಸರಿಯಾಗಿ ಡಿ ಕೊಟ್ಟರೆ ಸಾಮಾನ್ಯವಾಗಿ ವಾಸಿಯಾಗುತ್ತದೆ. ಬೇಸಿಗೆಯಲ್ಲಿ 42 ಡಿಗ್ರಿ ಸುಡುವ ಊರಲ್ಲಿ ಡಿ ಕೊರತೆ ಹೇಗೆ ಅಂತೀರಾ? ಡಿ ಹುಟ್ಟುವುದು ಬಿಸಿಯಿಂದಲ್ಲ, ಬಿಸಿಲಿನಲ್ಲಿರುವ ಯುವಿಬಿ ಎಂಬ ಕಣ್ಣಿಗೆ ಕಾಣದ ಕಿರಣ ಚರ್ಮಕ್ಕೆ ತಾಗುವುದರಿಂದ. ತಲೆ ತುಂಬ ಸೆರಗು, ದಿನವಿಡೀ ಮನೆಯೊಳಗಿನ ಕೆಲಸ ಇದ್ದರೆ ಕಿರಣ ತಾಗುವುದೆಲ್ಲಿ? ಎಳೆಬಿಸಿಲು ಸಾಕು ಅನ್ನುವುದೂ ತಪ್ಪು. ಸೂರ್ಯ ಕೆಳಗಿರುವಾಗ ಯುವಿಬಿ ನಮ್ಮ ತನಕ ಬರುವುದೇ ಕಡಿಮೆ.

ಈಗ ನನಗೆ ತುಂಬ ಇಷ್ಟವಾದ ಭಾಗಕ್ಕೆ ಬರುತ್ತೇನೆ. ಎಲುಬು ಸತ್ತ ಕಲ್ಲಲ್ಲ. ಹಳೇ ಗೋಡೆಯ ರಿಪೇರಿಯಂತೆ ಅಲ್ಲಿ ಎರಡು ತಂಡ ಸದಾ ಕೆಲಸದಲ್ಲಿರುತ್ತವೆ, ಒಂದು ಕೆಡವುತ್ತದೆ, ಇನ್ನೊಂದು ಕಟ್ಟುತ್ತದೆ. ಕೆಡವುವ ಜೀವಕೋಶ ಆಸ್ಟಿಯೊಕ್ಲಾಸ್ಟ್. ಅದು ಎಲುಬಿನ ಮೇಲೆ ಗಟ್ಟಿಯಾಗಿ ಅಂಟಿ ಕೂತು, ತನ್ನ ಅಡಿಯಲ್ಲಿ ಆಮ್ಲ ಸುರಿದು ಖನಿಜವನ್ನು ಕರಗಿಸುತ್ತದೆ. ಉಳಿದ ನಾರನ್ನು ಕಿಣ್ವದಿಂದ ಕತ್ತರಿಸುತ್ತದೆ. ಆ ಗುಂಡಿಯನ್ನು ಕಟ್ಟುವ ತಂಡದ ಆಸ್ಟಿಯೊಬ್ಲಾಸ್ಟ್‌ಗಳು ತುಂಬಬೇಕು. ಅದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಕೆಡವುವ ತಂಡಕ್ಕೆ ಲಗಾಮು ಹಾಕುವುದು ಈಸ್ಟ್ರೊಜೆನ್ ಎಂಬ ಹೆಣ್ಣು ಹಾರ್ಮೋನು. ಮುಟ್ಟು ನಿಂತ ಮೇಲೆ ಆ ಲಗಾಮು ಸಡಿಲ. ಆಗ ಬರೀ ಕ್ಯಾಲ್ಸಿಯಂ ತಿಂದರೆ ಸಾಮಾನು ತಂದು ಹಾಕಿದಂತಾಯಿತು, ಕೆಡವುವುದು ನಿಲ್ಲಲಿಲ್ಲ. ಹಾಗಂತ ಕ್ಯಾಲ್ಸಿಯಂ ಬೇಡ ಅಂತಲ್ಲ. ಮುಟ್ಟು ನಿಂತವರಿಗೆ ದಿನಕ್ಕೆ 1200 ಮಿಲಿಗ್ರಾಂ ಬೇಕು. ನಮ್ಮ ಜೋಳದಲ್ಲಿ 100 ಗ್ರಾಂಗೆ ಸುಮಾರು 30 ಮಿಲಿಗ್ರಾಂ ಮಾತ್ರ. ರೊಟ್ಟಿ ಜೊತೆ ಮೊಸರು, ಎಳ್ಳಿನ ಹಿಂಡಿ (ಚಟ್ನಿಪುಡಿ) ಇರಲಿ.

ಕೆಡವುವುದನ್ನು ತಡೆಯುವ ಔಷಧಿ ಬಂದದ್ದು ನೀರಿನ ಪೈಪಿನ ರಸಾಯನದಿಂದ! ನಮ್ಮ ಕಡೆ ಬೋರ್ ನೀರಿಗೆ ಗೀಸರ್ ಕಾಯಿಲ್ ತುಂಬ ಬಿಳಿ ಸುಣ್ಣ ಕಟ್ಟುತ್ತದಲ್ವಾ? ಅದನ್ನು ತಡೆಯಲು ಕಾರ್ಖಾನೆಗಳಲ್ಲಿ ಪಾಲಿಫಾಸ್ಫೇಟ್ ಬಳಸುತ್ತಿದ್ದರು. ಅದರ ಹತ್ತಿರದ ನೆಂಟ ಪೈರೋಫಾಸ್ಫೇಟ್ ನಮ್ಮ ಮೈಯಲ್ಲೂ ಇದೆ ಎಂಬುದನ್ನು 1960ರ ದಶಕದಲ್ಲಿ ಸ್ವಿಟ್ಜರ್‌ಲೆಂಡಿನ ಹರ್ಬರ್ಟ್ ಫ್ಲೈಶ್ ಗಮನಿಸಿದರು. ಅದು ಹೊಟ್ಟೆಯಲ್ಲಿ ಒಡೆದುಹೋಗುತ್ತದೆ. ಹಾಗಾಗಿ ಒಡೆಯದ ರೂಪವನ್ನು ಹುಡುಕಿದರು. 1969ರಲ್ಲಿ ಅವರೂ ಜೊತೆಗಾರರೂ ಪ್ರಕಟಿಸಿದ ಆ ಕೆಲಸದಿಂದಲೇ ಬಿಸ್ಫಾಸ್ಫೊನೇಟ್‌ಗಳು ಬೆಳೆದವು. ಈ ಔಷಧಿ ಎಲುಬಿಗೇ ಅಂಟಿ ಕಾಯುತ್ತದೆ. ಆಸ್ಟಿಯೊಕ್ಲಾಸ್ಟ್ ಎಲುಬನ್ನು ಕರಗಿಸಲು ಹೋದಾಗ ಔಷಧಿಯನ್ನೂ ನುಂಗಿ ಸುಸ್ತಾಗುತ್ತದೆ. ಎಷ್ಟು ಚಂದದ ಉಪಾಯ!

ಈ ಗುಂಪಿನ ಗುಳಿಗೆ ಅಲೆಂಡ್ರೊನೇಟ್, 70 ಮಿಲಿಗ್ರಾಂ ವಾರಕ್ಕೊಂದು. ಬರಿ ಹೊಟ್ಟೆಯಲ್ಲಿ, ತುಂಬಿದ ಲೋಟ ನೀರಿನ ಜೊತೆ. ಆಮೇಲೆ ಅರ್ಧ ಗಂಟೆ ಮಲಗಬಾರದು, ಚಹಾ ಕೂಡ ಕುಡಿಯಬಾರದು. ಚಹಾದ ಜೊತೆ ನುಂಗಿದರೆ ಔಷಧಿ ಮೈಗೆ ಸರಿಯಾಗಿ ಹತ್ತುವುದಿಲ್ಲ. ಇದೇ ಗುಂಪಿನ ಜೊಲೆಡ್ರೊನಿಕ್ ಆಮ್ಲ ವರ್ಷಕ್ಕೊಮ್ಮೆ ರಕ್ತನಾಳಕ್ಕೆ ಕೊಡುವ ಇಂಜೆಕ್ಷನ್. ಅದಕ್ಕೂ ಮೊದಲು ಕಿಡ್ನಿ, ಕ್ಯಾಲ್ಸಿಯಂ, ಡಿ ನೋಡಿಸಬೇಕು. ಕೆಡವುವ ತಂಡವನ್ನು ತಡೆಯುವ ಇನ್ನೊಂದು ಇಂಜೆಕ್ಷನ್ ಡೆನೊಸುಮಾಬ್, ಆರು ತಿಂಗಳಿಗೊಮ್ಮೆ. ಇದನ್ನು ಸುಮ್ನೆ ನಿಲ್ಲಿಸಿದರೆ ಬೆನ್ನೆಲುಬು ಮುರಿಯುವ ಅಪಾಯವಿದೆ. ಎಲುಬು ಕಟ್ಟುವ ತಂಡವನ್ನೇ ಹುರಿದುಂಬಿಸುವ ಟೆರಿಪ್ಯಾರಟೈಡ್ ಕೂಡ ಇದೆ, ಅದು ದಿನಾ ಚುಚ್ಚಿಕೊಳ್ಳುವ ಔಷಧಿ. ವರ್ಷಗಟ್ಟಲೆ ಬಿಸ್ಫಾಸ್ಫೊನೇಟ್ ತೆಗೆದುಕೊಂಡವರಿಗೆ ಹೊಸದಾಗಿ ತೊಡೆ ನೋವು ಬಂದರೆ ತಡ ಮಾಡದೆ ಎರಡೂ ತೊಡೆಯ ಎಕ್ಸ್‌ರೇ ಮಾಡಿಸಬೇಕು. ಅಪರೂಪಕ್ಕೆ ಔಷಧಿಯಿಂದಲೇ ಅಲ್ಲಿ ಬಿರುಕು ಬರುತ್ತದೆ.

ಎಲುಬಿನ ಸಾಂದ್ರತೆ ಅಳೆಯುವ ಡೆಕ್ಸಾ ಪರೀಕ್ಷೆಯಲ್ಲಿ ಟಿ-ಸ್ಕೋರ್ (ಆರೋಗ್ಯವಂತ ಯುವಜನರ ಎಲುಬಿಗೆ ಹೋಲಿಸಿ ಕೊಡುವ ಅಂಕ) ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್. ಯಾದಗಿರಿ, ಕಲಬುರಗಿಯ ಫ್ಲೋರೈಡ್ ನೀರಿನ ಹಳ್ಳಿಯವರು ಆ ವಿಷಯವನ್ನು ಡಾಕ್ಟರಿಗೆ ಮೊದಲೇ ಹೇಳಿ. ಫ್ಲೋರೈಡ್ ಎಲುಬನ್ನು ದಟ್ಟ ಮಾಡಿ ತೋರಿಸುತ್ತದೆ, ಗಟ್ಟಿ ಮಾಡುವುದಿಲ್ಲ. ಹಿಂದೆ ಅದನ್ನೇ ಔಷಧಿಯಾಗಿ ಕೊಟ್ಟು ನೋಡಿದ್ದರು. 1990ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ ಸಾಂದ್ರತೆ ಏರಿತು, ಬೆನ್ನೆಲುಬಿನ ಮುರಿತ ಕಡಿಮೆಯಾಗಲಿಲ್ಲ, ಬೇರೆ ಎಲುಬುಗಳ ಮುರಿತ ಜಾಸ್ತಿಯೇ ಆಯಿತು.

ಎರಡೇ ದಿನಕ್ಕೆ ನೋವು ಮಾಯ ಮಾಡುವ ಹೆಸರಿಲ್ಲದ ಪುಡಿ, ಗುಳಿಗೆಗಳ ಬಗ್ಗೆ ನನಗೆ ಭಯ ಜಾಸ್ತಿ. ಅಂಥವುಗಳಲ್ಲಿ ಸ್ಟಿರಾಯ್ಡ್ ಬೆರೆಸಿರುವುದು ಉಂಟು. ತಿಂಗಳುಗಟ್ಟಲೆ ತಿಂದರೆ ಸ್ಟಿರಾಯ್ಡ್ ಎಲುಬನ್ನು ತೆಳ್ಳಗೆ ಮಾಡುತ್ತದೆ, ಚಪ್ಪೆ (ಸೊಂಟದ) ಕೀಲಿನಲ್ಲಿ ಕೂರುವ ತೊಡೆ ಎಲುಬಿನ ದುಂಡು ತುದಿಗೆ ರಕ್ತ ಹೋಗದಂತೆ ಮಾಡಿ ಅದನ್ನೇ ಸಾಯಿಸಬಲ್ಲದು. ಡಾಕ್ಟರ ಹತ್ತಿರ ಹೋಗುವಾಗ ಆ ಪೊಟ್ಟಣವನ್ನೂ ತೆಗೆದುಕೊಂಡು ಹೋಗಿ. ಆದರೆ ಬಹಳ ದಿನ ತಿಂದಿದ್ದರೆ ನೀವಾಗಿಯೇ ಒಮ್ಮೆಲೇ ಬಿಡಬೇಡಿ, ಮೈಯ ಸ್ವಂತ ಸ್ಟಿರಾಯ್ಡ್ ತಯಾರಿ ಅಷ್ಟರಲ್ಲಿ ಮಲಗಿಬಿಟ್ಟಿರುತ್ತದೆ. ಕೊನೆಗೆ ಒಂದು ಮಾತು, ಬಿದ್ದರೆ ಟೊಳ್ಳು ಎಲುಬು ಸುಲಭವಾಗಿ ಮುರಿಯುತ್ತದೆ. ಮನೆಯಲ್ಲಿ ಶಹಾಬಾದ್ ಕಲ್ಲಿನ ಬಚ್ಚಲು ಇದ್ದರೆ ಇವತ್ತೇ ಗೋಡೆಗೆ ಒಂದು ಹಿಡಿಕೆ ಹಾಕಿಸಿ, ಸೋಪಿನ ನೀರು ಬಿದ್ದಾಗ ಆ ನುಣುಪು ಕಲ್ಲು ಜಾರುತ್ತದೆ.