ಹೃದಯ ಸರಿಯಿದ್ದರೂ ಎದೆನೋವು ಯಾಕೆ?

ಇಸಿಜಿ ಸರಿಯಿದೆ, ಟ್ರೊಪೊನಿನ್ (ಹೃದಯಸ್ನಾಯುವಿಗೆ ಪೆಟ್ಟಾದರೆ ರಕ್ತದಲ್ಲಿ ಏರುವ ಪ್ರೋಟೀನ್) ಏರಿಲ್ಲ, ಆಂಜಿಯೋಗ್ರಾಮ್‌ನಲ್ಲೂ ಅಡ್ಡಿ ಕಾಣಲಿಲ್ಲ. ಆದರೂ ರೋಗಿ ಎದೆ ಹಿಂಡಿದಂತೆ ಆಗುತ್ತಿದೆ ಅನ್ನುತ್ತಾರೆ. ಇಲ್ಲಿ ಮೊದಲು ಅನುಮಾನ ಬರಬೇಕಾದ್ದು ಅನ್ನನಾಳದ ಮೇಲೆ.

ಅನ್ನನಾಳ ಹೃದಯದ ಎಡ ಹೃತ್ಕರ್ಣದ (ಮೇಲಿನ ಎಡ ಕೋಣೆಯ) ಹಿಂದೆಯೇ ಇಳಿಯುತ್ತದೆ. ಎರಡರಿಂದಲೂ ನೋವಿನ ಸಂಕೇತ ಬೆನ್ನುಹುರಿಯ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬರುತ್ತದೆ. ಹಾಗಾಗಿ ಅನ್ನನಾಳದ ನೋವೂ ದವಡೆಗೆ, ತೋಳಿಗೆ ಹರಡಬಹುದು. ಬರೀ ನೋವಿನ ವರ್ಣನೆ ಕೇಳಿ ತೀರ್ಮಾನ ಮಾಡೋಕಾಗಲ್ಲ.

ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ವೈದ್ಯ ವಿದ್ಯಾರ್ಥಿಗಳು ಸಿಕ್ಕಿಬೀಳುವುದು ಇಲ್ಲೇ: ನಾಲಿಗೆಯಡಿ ನೈಟ್ರೋಗ್ಲಿಸರಿನ್ ಇಟ್ಟಾಗ ನೋವು ಇಳಿದರೆ ಅದು ಹೃದಯದ್ದೇ ಅಲ್ವಾ? ಅಲ್ಲ. ನೈಟ್ರೋಗ್ಲಿಸರಿನ್ ನಯಸ್ನಾಯುವನ್ನು (ನಮ್ಮ ಇಚ್ಛೆಯಿಲ್ಲದೆ ತಾನಾಗಿ ಕೆಲಸ ಮಾಡುವ ಸ್ನಾಯುವನ್ನು) ಸಡಿಲಿಸುವ ಔಷಧ. ಅನ್ನನಾಳದ ಕೆಳಭಾಗವೂ ನಯಸ್ನಾಯುವೇ. ಹಾಗೆಯೇ ಆಂಟಾಸಿಡ್‌ಗೆ ನೋವು ಕಡಿಮೆಯಾಯಿತು ಅಂತ ಹೃದಯವನ್ನು ಪಟ್ಟಿಯಿಂದ ತೆಗೆಯುವ ಹಾಗೂ ಇಲ್ಲ. ಹೃದಯದ ತಪಾಸಣೆ ಯಾವಾಗಲೂ ಮೊದಲು.

ಕಾರಣಗಳಲ್ಲಿ ಆಸಿಡ್ ರಿಫ್ಲಕ್ಸ್‌ದೇ, ಅಂದರೆ ಹೊಟ್ಟೆಯ ಆಮ್ಲ ಅನ್ನನಾಳಕ್ಕೆ ಮೇಲೇರುವುದರದ್ದೇ, ಸಿಂಹಪಾಲು. ಎದೆಯುರಿ, ಹುಳಿತೇಗು ಇದ್ದರೆ ಸುಲಭ. ಕೆಲವರಿಗೆ ಎದೆನೋವು ಬಿಟ್ಟು ಬೇರೇನೂ ಇರುವುದಿಲ್ಲ. ಎಂಡೋಸ್ಕೋಪಿಯೂ ಎಷ್ಟೋ ಸಲ ಚೆನ್ನಾಗಿಯೇ ಕಾಣುತ್ತದೆ. ಆಗ ಅನ್ನನಾಳದೊಳಗಿನ ಆಮ್ಲೀಯತೆ ಅಳೆಯುವ ಪಿಎಚ್ ಪರೀಕ್ಷೆ ಬೇಕು (ಪಿಎಚ್ ಕಡಿಮೆಯಾದಷ್ಟೂ ಆಮ್ಲ ಜಾಸ್ತಿ). ದಿನದಲ್ಲಿ ಶೇ. 6ಕ್ಕಿಂತ ಜಾಸ್ತಿ ಹೊತ್ತು ಅನ್ನನಾಳದ ಪಿಎಚ್ 4ಕ್ಕಿಂತ ಕೆಳಗಿದ್ದರೆ ರಿಫ್ಲಕ್ಸ್ ಖಚಿತ. ಶೇ. 4ಕ್ಕಿಂತ ಕಡಿಮೆ ಇದ್ದರೆ ಸಹಜ. ನಡುವಿನದ್ದು ಗೊಂದಲದ ಜಾಗ, ಬೇರೆ ಆಧಾರಗಳನ್ನೂ ನೋಡಬೇಕು.

ಅನ್ನನಾಳದ ಚಲನೆಯ ದೋಷಗಳು ಪುಸ್ತಕದಲ್ಲಿ ಪುಟಗಟ್ಟಲೆ ಇದ್ದರೂ ಹಾಗೆ ನೋಡಿದರೆ ಅಪರೂಪ. ಪತ್ತೆಯಾಗುವುದು ಮ್ಯಾನೊಮೆಟ್ರಿಯಲ್ಲಿ, ಅಂದರೆ ಅನ್ನನಾಳದೊಳಗಿನ ಒತ್ತಡ ಅಳೆಯುವ ಪರೀಕ್ಷೆಯಲ್ಲಿ. ನುಂಗಿದ ಮೇಲೆ ಸಂಕೋಚನ 4.5 ಸೆಕೆಂಡಿಗೂ ಮುಂಚೆ ಕೆಳತುದಿ ಮುಟ್ಟಿದರೆ ಅದು ಅವಸರದ ಸಂಕೋಚನ, ಅಂದರೆ ಸ್ಪಾಸಂನ (ಸ್ನಾಯು ಸೆಳೆತದ) ಗುರುತು. ಅತಿ ಬಲವಾಗಿ ಹಿಂಡಿದರೆ ಅದಕ್ಕೆ ಜ್ಯಾಕ್‌ಹ್ಯಾಮರ್ ಅನ್ನನಾಳ ಅನ್ನುತ್ತಾರೆ. ಕೆಳಗಿನ ಕವಾಟ ಸಡಿಲವಾಗದೆ ಬಿಗಿದುಕೊಂಡೇ ಇದ್ದರೆ ಅಕಲೇಸಿಯಾ. ಅದರಲ್ಲಿ ಗಟ್ಟಿ ಆಹಾರವಷ್ಟೇ ಅಲ್ಲ, ನೀರು ನುಂಗಲೂ ಕಷ್ಟ.

ಮಾತ್ರೆಯಿಂದಾಗುವ ಹುಣ್ಣನ್ನು ಮರೆಯಬೇಡಿ. ಡಾಕ್ಸಿಸೈಕ್ಲಿನ್ (ಆಂಟಿಬಯೋಟಿಕ್) ಅಥವಾ ಅಲೆಂಡ್ರೊನೇಟ್ (ಮೂಳೆ ಸವೆತದ ಮಾತ್ರೆ) ಅನ್ನು ಒಂದು ಗುಟುಕು ನೀರಲ್ಲಿ ನುಂಗಿ ಮಲಗಿದರೆ ಸಾಕು, ಮಾತ್ರೆ ನಡುದಾರಿಯಲ್ಲೇ ಅಂಟಿ ಸುಡುತ್ತದೆ. ನುಂಗುವಾಗ ನೋವು ಅಂದರೆ ಮಾತ್ರೆಗಳ ಬಗ್ಗೆ ಕೇಳಿ.

ಎಲ್ಲ ಪರೀಕ್ಷೆ ಸರಿಯಿದ್ದೂ ನೋವು ಉಳಿದರೆ? ಅದು ಫಂಕ್ಷನಲ್ ಎದೆನೋವು, ಅಂದರೆ ಪರೀಕ್ಷೆಯಲ್ಲಿ ಕಾಣುವ ದೋಷವಿಲ್ಲದ ನೋವು. ನರಗಳೇ ಅತಿ ಸೂಕ್ಷ್ಮ. ಅನ್ನನಾಳದೊಳಗೆ ಬಲೂನು ಊದಿ ನೋಡಿದರೆ, ಬೇರೆಯವರಿಗೆ ಗೊತ್ತೇ ಆಗದಷ್ಟು ಒತ್ತಡಕ್ಕೂ ಇಂಥವರಲ್ಲಿ ಅನೇಕರಿಗೆ ನೋಯುತ್ತದೆ. ಆದ್ದರಿಂದ ಸುಮ್ನೆ ಟೆನ್ಷನ್ ಅಂತ ತಳ್ಳಿಹಾಕುವುದು ಸರಿಯಲ್ಲ. ಇಲ್ಲಿ ಆಸಿಡ್ ತಗ್ಗಿಸುವ ಮಾತ್ರೆಯ ಡೋಸ್ ಏರಿಸುತ್ತಾ ಹೋಗುವುದಕ್ಕಿಂತ, ಕಡಿಮೆ ಡೋಸಿನ ಟ್ರೈಸೈಕ್ಲಿಕ್‌ನಂಥ (ಮೂಲತಃ ಖಿನ್ನತೆಯ ಔಷಧ) ನೋವಿನ ಸಂವೇದನೆ ತಗ್ಗಿಸುವ ಔಷಧಗಳತ್ತ ಹೋಗಬೇಕು.