ಪ್ರೇರಣೆ ಮತ್ತು ‘ಇಸು’ ಪ್ರತ್ಯಯ

‘ಮಣ್ಣಿನ ಮಡಕೆ, ಅಲ್ಯೂಮಿನಿಯಂ ಬಾಣಲೆ, ಏನಿಟ್ಟರೂ ಕಾಯುವ ಇಂಡಕ್ಷನ್ ಒಲೆ’ ಎಂಬ ಜಾಹೀರಾತು ಮತ್ತೊಮ್ಮೆ ಕಣ್ಣಿಗೆ ಬಿತ್ತು. ಮಡಕೆ ಕಾಯುವುದು ನಿಜವಾದರೆ ಅದು ಇಂಡಕ್ಷನ್ ಒಲೆಯಲ್ಲ, ಇನ್‌ಫ್ರಾರೆಡ್ ಒಲೆ. ಗಾಜಿನ ಕೆಳಗೆ ಏನೋ ಕೆಂಪಗೆ ಕಾದು ಶಾಖ ಕೊಡುತ್ತದೆ, ಅಷ್ಟೇ. ಅಂಗಡಿಯವರದು ವ್ಯಾಪಾರ, ಬಿಡಿ. ಆದರೆ ಇದೇ ಪದದ ಕನ್ನಡ ರೂಪವಾದ ‘ಪ್ರೇರಣೆ’ಯನ್ನು ಪಾಠದ ಟಿಪ್ಪಣಿ ಬರೆಯುವವರೂ ಅಡ್ಡಾದಿಡ್ಡಿ ಬಳಸುತ್ತಾರೆ. ‘ಕಾಂತದಲ್ಲಿರುವ ಶಕ್ತಿ ಸುರುಳಿಗೆ ಹರಿದು ವಿದ್ಯುತ್ತಾಗುವುದೇ ಪ್ರೇರಣೆ’ ಎಂಬಂಥ ವಾಕ್ಯವನ್ನು ಇನ್ನೆಷ್ಟು ಸಲ ಓದುವುದು?

ತಪ್ಪು ಪದದ್ದಲ್ಲ. ದಿನಬಳಕೆಯಲ್ಲಿ ಪ್ರೇರಣೆ ಎಂದರೆ ಸ್ಫೂರ್ತಿ ಎಂದಾಗಿಬಿಟ್ಟಿದೆ. ದೊಡ್ಡವರ ಫೋಟೊ ನೋಡಿದರೂ ಸಿಗುವಂಥದ್ದು. ಮೂಲದಲ್ಲಿ ಅದಕ್ಕೆ ಇಷ್ಟು ಮೆದು ಅರ್ಥವಿಲ್ಲ. ಸಂಸ್ಕೃತದ ‘ಈರ್’ ಧಾತುವಿಗೆ ಚಲಿಸು, ಅಲುಗು ಎಂದರ್ಥ. ಗಾಳಿಗೆ ಸಮೀರ ಎಂಬ ಹೆಸರು ಬಂದದ್ದೂ ಅದರಿಂದಲೇ. ಪ್ರ ಸೇರಿ ಪ್ರೇರಣೆಯಾದಾಗ ಅರ್ಥ ‘ಮುಂದಕ್ಕೆ ನೂಕುವುದು’. ಇಂಗ್ಲಿಷಿನ ಇಂಡಕ್ಷನ್ ಬಂದಿರುವುದು ‘ಒಳಕ್ಕೆ ಕರೆದೊಯ್ಯು’ ಎಂಬ ಲ್ಯಾಟಿನ್ ಕ್ರಿಯಾಪದದಿಂದ. ಕಾಂತದಿಂದ ಏನೋ ಸುರುಳಿಯೊಳಕ್ಕೆ ಹೋಯಿತು ಎಂಬ ಭ್ರಮೆಗೆ ಆ ಪದವೇ ದಾರಿ ಮಾಡಿಕೊಡುತ್ತದೆ. ನಮ್ಮದು ಅದಕ್ಕಿಂತ ಒಳ್ಳೆಯ ಪದ.

ಎಷ್ಟು ಒಳ್ಳೆಯದೆಂದು ತಿಳಿಯಲು ವ್ಯಾಕರಣದ ಪಾಠ ನೆನೆದರೆ ಸಾಕು. ಮಾಡು–ಮಾಡಿಸು, ಓಡು–ಓಡಿಸು, ಹರಿ–ಹರಿಸು: ‘ಇಸು’ ಹಚ್ಚಿದ ಇವುಗಳ ಹೆಸರೇ ಪ್ರೇರಣಾರ್ಥಕ ಕ್ರಿಯಾಪದ. ಅಮ್ಮ ಮಗುವಿಗೆ ಊಟ ಮಾಡಿಸಿದಳು ಎಂದರೆ ಅಮ್ಮನ ಹೊಟ್ಟೆ ತುಂಬಿತು ಎಂದಲ್ಲವಲ್ಲ. ಕಾಂತದ್ದೂ ಅದೇ ಪಾತ್ರ. ಎಲೆಕ್ಟ್ರಾನುಗಳು ಮೊದಲೇ ತಾಮ್ರದ ತಂತಿಯಲ್ಲಿವೆ, ಅವನ್ನು ಹರಿಸಲಾಗುತ್ತದೆ. ಶಕ್ತಿಯಾದರೂ ಕಾಂತದ್ದಲ್ಲ, ಅದನ್ನು ನೂಕುತ್ತಿರುವ ಕೈಯದು. ಸುರುಳಿಯ ಎರಡು ತುದಿ ಸೇರಿಸಿ ಕಾಂತ ನೂಕಿದರೆ ಎದುರೊತ್ತಡ ಬರುತ್ತದೆ. 1834ರಲ್ಲಿ ಭೌತವಿಜ್ಞಾನಿ ಲೆನ್ಸ್ ಹೇಳಿದ ನಿಯಮ ಅದೇ. ತುದಿಗಳನ್ನು ಬಿಡಿಸಿಟ್ಟರೆ ತುದಿಗಳ ನಡುವೆ ವೋಲ್ಟೇಜ್ ಮಾತ್ರ ಹುಟ್ಟುತ್ತದೆ, ಪ್ರವಾಹ ಇರುವುದಿಲ್ಲ. ಆದ್ದರಿಂದ ಪ್ರೇರಿತವಾಗುವುದು ಮೊದಲು ವೋಲ್ಟೇಜ್.

ಇನ್ನು ಗೊಂದಲದ ಬೇರು. ಭೌತಶಾಸ್ತ್ರದಲ್ಲಿ ಪ್ರೇರಣೆ ಮೂರು ಬಗೆ. ಉಜ್ಜಿದ ಬಾಚಣಿಗೆಯನ್ನು ಲೋಹದ ಗುಂಡಿನ ಹತ್ತಿರ ಹಿಡಿದರೆ ಗುಂಡಿನ ವಿದ್ಯುದಾವೇಶಗಳು ಆಚೀಚೆ ಸರಿಯುತ್ತವೆ. ಕಾಂತದ ಹತ್ತಿರ ಮೊಳೆ ಹಿಡಿದರೆ ಮೊಳೆ ತಾತ್ಕಾಲಿಕ ಕಾಂತವಾಗುತ್ತದೆ. ಈ ಎರಡಕ್ಕೂ ಹತ್ತಿರವಿದ್ದರೆ ಸಾಕು. ಮೂರನೆಯದಾದ ವಿದ್ಯುತ್ಕಾಂತೀಯ ಪ್ರೇರಣೆಗೆ ಮಾತ್ರ ಸಾಲದು. ಅದಕ್ಕೆ ಸುರುಳಿಯ ಮೂಲಕ ಹಾಯುವ ಕಾಂತಕ್ಷೇತ್ರದಲ್ಲಿ ಬದಲಾವಣೆ ಬೇಕು. ಎಂಥ ಬಲವಾದ ಕಾಂತವನ್ನೇ ಸುರುಳಿಯೊಳಗೆ ವರ್ಷಗಟ್ಟಲೆ ಇಟ್ಟರೂ ಸುರುಳಿಗೆ ಜೋಡಿಸಿದ ಮೀಟರಿನ ಮುಳ್ಳು ಸೊನ್ನೆ ಬಿಟ್ಟು ಕದಲದು. ಕಾಂತ, ಸುರುಳಿ ಎರಡನ್ನೂ ಒಟ್ಟಿಗೇ ಸರಿಸಿದರೂ ಅಷ್ಟೇ.

ಇದು ದೊಡ್ಡವರನ್ನೂ ದಾರಿ ತಪ್ಪಿಸಿದ ವಿಷಯ. ಜಿನೀವಾದ ವಿಜ್ಞಾನಿ ಕೊಲಾಡೊನ್ 1825ರಲ್ಲಿ ಸುರುಳಿ ಮತ್ತು ಕಾಂತವನ್ನು ಒಂದು ಕೋಣೆಯಲ್ಲಿಟ್ಟು, ಕಾಂತದ ಪ್ರಭಾವ ತಟ್ಟದಿರಲೆಂದು ಪ್ರವಾಹ ತೋರಿಸುವ ಗ್ಯಾಲ್ವನೋಮೀಟರನ್ನು ಇನ್ನೊಂದು ಕೋಣೆಯಲ್ಲಿಟ್ಟರು. ಕಾಂತ ಸೇರಿಸಿ ಅಲ್ಲಿಗೆ ನಡೆದುಹೋಗುವಷ್ಟರಲ್ಲಿ ಮುಳ್ಳು ಹೊರಳಿ ಮರಳಿ ನಿಂತಾಗಿತ್ತು. ಇಂಗ್ಲೆಂಡಿನಲ್ಲಿ ಫ್ಯಾರಡೆ ಕೂಡ 1820ರ ದಶಕದಲ್ಲಿ ಕಾಂತದಿಂದ ವಿದ್ಯುತ್ ಪಡೆಯಲು ಪ್ರಯತ್ನಿಸಿ ಬರಿಗೈಯಾಗಿದ್ದರು. 1831ರ ಆಗಸ್ಟ್ 29ರಂದು ಕಬ್ಬಿಣದ ಬಳೆಗೆ ಎರಡು ಸುರುಳಿ ಸುತ್ತಿ ನೋಡಿದಾಗ, ಒಂದಕ್ಕೆ ಬ್ಯಾಟರಿ ಜೋಡಿಸಿದ ಕ್ಷಣ ಮತ್ತು ತೆಗೆದ ಕ್ಷಣ ಇನ್ನೊಂದರ ಮುಳ್ಳು ಹೊಯ್ದಾಡಿತು. ನಡುವೆ, ಪ್ರವಾಹ ಸಮನಾಗಿ ಹರಿಯುತ್ತಿದ್ದಾಗ, ಏನೂ ಇಲ್ಲ.

ಲೆಕ್ಕ ಸುಲಭ. 100 ಸುತ್ತಿನ ಸುರುಳಿಯ ಮೂಲಕ ಹಾಯುವ ಕಾಂತೀಯ ಫ್ಲಕ್ಸ್ (ಅಂದರೆ ಹಾಯುವ ಕಾಂತಕ್ಷೇತ್ರದ ಒಟ್ಟು ಮೊತ್ತ, ಅಳೆಯುವುದು ವೆಬರ್‌ನಲ್ಲಿ) 0.1 ಸೆಕೆಂಡಿನಲ್ಲಿ 2 ಮಿಲಿವೆಬರ್ ಬದಲಾದರೆ 2 ವೋಲ್ಟ್ ಹುಟ್ಟುತ್ತದೆ. ಅದೇ ಬದಲಾವಣೆಗೆ 1 ಸೆಕೆಂಡ್ ಹಿಡಿದರೆ ಬರೀ 0.2 ವೋಲ್ಟ್. ಫ್ಲಕ್ಸ್ ಎಷ್ಟಿದೆ ಎಂಬುದಕ್ಕೆ ಇಲ್ಲಿ ಬೆಲೆಯೇ ಇಲ್ಲ.

ನಂಬಿಕೆ ಬಾರದಿದ್ದರೆ ತೋಟದ ಪಂಪಿನ ಮೋಟರಿಗೆ ಹೊಡೆದ ಪ್ಲೇಟ್ ಓದಿ. 50 ಹರ್ಟ್ಸ್‌ನ ಎರಡು ಪೋಲ್ ಮೋಟರಿನಲ್ಲಿ ಕಾಂತಕ್ಷೇತ್ರ ನಿಮಿಷಕ್ಕೆ 3000 ಸುತ್ತು ತಿರುಗುತ್ತದೆ. ಪ್ಲೇಟಿನಲ್ಲಿ ಇರುವ ಮೋಟರಿನ ವೇಗ 2880ರ ಆಸುಪಾಸು. ಆ 120 ಸುತ್ತಿನ ಕೊರತೆ ತಯಾರಿಕೆಯ ದೋಷವಲ್ಲ. ತಿರುಗುವ ಭಾಗವಾದ ರೋಟರಿಗೆ ಯಾವ ತಂತಿಯಿಂದಲೂ ಕರೆಂಟ್ ಹೋಗುವುದಿಲ್ಲ, ಎಲ್ಲವೂ ಪ್ರೇರಣೆಯಿಂದಲೇ. ಅದು ಕ್ಷೇತ್ರವನ್ನು ಪೂರ್ತಿ ಹಿಡಿದುಬಿಟ್ಟರೆ ಅದರ ಪಾಲಿಗೆ ಬದಲಾವಣೆಯೇ ಇರದು. ಪ್ರವಾಹವಿಲ್ಲ, ತಿರುಗಿಸುವ ಬಲವೂ ಇಲ್ಲ. ಹಿಂದೆ ಬಿದ್ದಿರುವುದರಿಂದಲೇ ಓಡುತ್ತದೆ. ಹಾಗಂತ ಪೂರ್ತಿ ನಿಂತರೂ ಕಷ್ಟ. ಮರಳು ಸಿಕ್ಕಿ ಪಂಪ್ ಜಾಮ್ ಆದಾಗ ಬದಲಾವಣೆ ಅತಿ ಹೆಚ್ಚು, ಮೋಟರ್ ಮಾಮೂಲಿಯ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಕರೆಂಟ್ ಮಿತಿ ಮೀರಿದರೆ ಮೋಟರ್ ನಿಲ್ಲಿಸುವ, ಸ್ಟಾರ್ಟರಿನ ಓವರ್‌ಲೋಡ್ ರಿಲೇ ತೆಗೆದು ನೇರ ಜೋಡಿಸಿದವರ ಮೋಟರ್ ಸುಟ್ಟು ವೈಂಡಿಂಗಿಗೆ ಹೋಗುವುದು ಹೀಗೆ.

ಟ್ರಾನ್ಸ್‌ಫಾರ್ಮರಿನದೂ ಇದೇ ಕತೆ. ಡಿಸಿ, ಅಂದರೆ ಒಂದೇ ದಿಕ್ಕಿಗೆ ಸಮನಾಗಿ ಹರಿಯುವ ಕರೆಂಟ್, ಕೊಟ್ಟರೆ ಆನ್ ಮಾಡಿದಾಗೊಮ್ಮೆ, ಆಫ್ ಮಾಡಿದಾಗೊಮ್ಮೆ ಜಿಗಿತ. ಉಳಿದ ಹೊತ್ತು ಕರೆಂಟ್ ಪಡೆಯುವ ಪ್ರೈಮರಿ ಸುರುಳಿ ಬರೀ ಬಿಸಿಯಾಗುತ್ತದೆ, 230 ವೋಲ್ಟ್ ಡಿಸಿಯಾದರೆ ಸುಟ್ಟೇಹೋಗುತ್ತದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ವಿದ್ಯುತ್ ಸಾಗಿಸಿದ್ದು ದಿಕ್ಕು ಬದಲಿಸುತ್ತಲೇ ಇರುವ ಎಸಿಯಲ್ಲಿ, 25 ಹರ್ಟ್ಸ್‌ನಲ್ಲಿ. ವೋಲ್ಟೇಜ್ ಏರಿಸಿ ಇಳಿಸಲು ಟ್ರಾನ್ಸ್‌ಫಾರ್ಮರ್ ಬೇಕು, ಅದಕ್ಕೆ ಬದಲಾಗುತ್ತಿರುವ ಪ್ರವಾಹ ಬೇಕು.

ಮತ್ತೆ ಒಲೆಗೆ. ಇಂಡಕ್ಷನ್ ಒಲೆ ಮನೆಯ ಎಸಿಯನ್ನು ಮೊದಲು ಡಿಸಿ ಮಾಡಿ, ಮತ್ತೆ ಸೆಕೆಂಡಿಗೆ 20 ಸಾವಿರ ಸಲಕ್ಕಿಂತ ಹೆಚ್ಚು ಹಿಂದುಮುಂದಾಗುವ ಎಸಿ ಮಾಡಿ ತಾಮ್ರದ ಸುರುಳಿಗೆ ಕೊಡುತ್ತದೆ. ಪಾತ್ರೆಯ ತಳದಲ್ಲಿ ಸುಳಿಯಂತೆ ಸುತ್ತುವ ಸುಳಿಪ್ರವಾಹ ಹುಟ್ಟಿ ತಳವೇ ಕಾಯುತ್ತದೆ. ಗಾಜು ಬಿಸಿಯಾಗುವುದು ಪಾತ್ರೆಯಿಂದ. ‘ಅಲ್ಯೂಮಿನಿಯಂನಲ್ಲಿ ಪ್ರೇರಣೆ ಆಗುವುದಿಲ್ಲ’ ಎಂದು ಬರೆಯುವವರು ದಯವಿಟ್ಟು ನಿಲ್ಲಿಸಬೇಕು. ಚೆನ್ನಾಗಿಯೇ ಆಗುತ್ತದೆ. ಆದರೆ ಅದರ ರೋಧ ತೀರಾ ಕಡಿಮೆ, ಪ್ರವಾಹ ಹರಿದರೂ ಅಡುಗೆಗೆ ಸಾಲುವಷ್ಟು ಶಾಖ ಹುಟ್ಟದು. ಕಬ್ಬಿಣದಲ್ಲಿ ಪ್ರವಾಹ ತೀರಾ ತೆಳುವಾದ ಮೇಲ್ಪದರಕ್ಕೆ ಒತ್ತರಿಸಿಕೊಳ್ಳುವುದರಿಂದ ರೋಧ ಹೆಚ್ಚು, ಬಿಸಿಯೂ ಹೆಚ್ಚು. ಮಡಕೆಗೆ ಪ್ರವಾಹ ಹರಿಯಲು ದಾರಿಯೇ ಇಲ್ಲ. ಪಾತ್ರೆ ಕೊಳ್ಳುವಾಗ ಫ್ರಿಜ್ ಬಾಗಿಲಿನ ಕಾಂತ ಒಯ್ಯಿರಿ. ಬದಿಗಲ್ಲ, ತಳಕ್ಕೆ ಹಚ್ಚಿ ನೋಡಿ. ಗಟ್ಟಿಯಾಗಿ ಅಂಟಿದರೆ ಒಲೆಗೆ ಆಗುತ್ತದೆ.